ಗಣಿ ಆಟದ ಕಸ

ಶಿಕಾರಿಪುರದ ಬಸ್ ನಿಲ್ದಾಣದ ಎದುರಿಗೆ ಫ್ಲೆಕ್ಸಿನಲ್ಲಿ ಯಾರ ಮುಖ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಗೆದ್ದ ಪುಢಾರಿ, ಗೆಲ್ಲಬೇಕೆಂದು ಕುಂತಿರುವ ಪುಢಾರಿ, ಇವರಿಬ್ಬರ ಹಿಂದೆ ತಿರುಗುವ ಹುಡುಗರ ಹುಟ್ಟುಹಬ್ಬ. ಅಂಥ ಜಾಗದಲ್ಲಿ ಹೋದ ವರ್ಷ ಒಂದು ಬೆಳಿಗ್ಗೆ ಕುರಿ ಸಾಕುವವರ ಮನೆಯ ಹೆಂಗಸೊಬ್ಬಳ ಮುಖ ಬಂತು. ಕೈಯಲ್ಲಿ ಗ್ರಾಫಿಕ್ಸ್ ಕಾರ್ಡು ಹಿಡಿದಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಎಳೆಯುವುದಕ್ಕೆಂದೇ ಇರುವ ಹಲಗೆ ಅದು. ಕ್ಯಾಮೆರಾದವನು ನಗಿಸಿ ನಗಿಸಿ ಸಾಕಾಗಿ ತೆಗೆದ ಫೋಟೋ ಅನ್ನುವುದು ನೋಡಿದರೇ ತಿಳಿಯುತ್ತಿತ್ತು. ಕೆಳಗೆ ಕೆಂಪು ಅಕ್ಷರದಲ್ಲಿ, "ಸಂಗೀತಕ್ಕ ಪರೀಕ್ಷಿಸಿ ಒಪ್ಪಿದ ಕಾರ್ಡ್. ಹಳೇ ಆಟವೂ ಓಡುತ್ತೆ, ಹೊಸ ಆಟವೂ ಓಡುತ್ತೆ."

ಆ ಮುಖವನ್ನು ಅವಳೇ ಏಣಿ ಹತ್ತಿ ಕತ್ತರಿಸಿ ತೆಗೆದಳು. ಊರಲ್ಲಿ ಅದನ್ನು ಹೆಂಗಸಿನ ಕೊಬ್ಬು ಅನ್ನುತ್ತಾರೆ. ಅನ್ನುವವರ ಬಾಯಿ ಕಟ್ಟುವುದು ನನ್ನ ಕೈಯಲ್ಲಿಲ್ಲ. ನಡೆದದ್ದನ್ನು ಬರೆಯುವುದು ಕೈಯಲ್ಲಿದೆ.

ಸಂಗೀತ ಬಂದಳಿಕೆಯವಳು. ಅವಳಪ್ಪ ಧರ್ಮಪ್ಪ ಕುರಿಗಾರ. ಗೋಮಾಳ ಉಳಿಸಿಕೊಳ್ಳಲು ನಮ್ಮ ರೈತ ಸಂಘಟನೆ ನಡೆಸಿದ ಹೋರಾಟದಲ್ಲಿ ಕುರಿಗಳನ್ನೇ ರಸ್ತೆಗೆ ತಂದು ನಿಲ್ಲಿಸಿದ ಗುಂಪಿನಲ್ಲಿ ಅವನಿದ್ದ, ನನಗೆ ಪರಿಚಯವಾದದ್ದು ಅಲ್ಲಿ. ಕುರಿ ಸಂತೆಯಲ್ಲಿ ಕೊಳ್ಳುವವರು ಧರ್ಮಪ್ಪನನ್ನು ಕರೆದುಕೊಂಡು ಹೋಗುತ್ತಾರೆ. ಅವನು ಕುರಿಯ ಬೆನ್ನು ಹಿಡಿದು ನೋಡಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಅದನ್ನೂ ಮಾರುವವನ ಎದುರಿಗೇ, ಸುತ್ತ ನಿಂತವರಿಗೆ ಕೇಳುವ ಹಾಗೆ ಹೇಳುತ್ತಾನೆ. ಕಿವಿಯಲ್ಲಿ ಹೇಳುವ ಅಭ್ಯಾಸ ಆ ಮನೆಯಲ್ಲಿಲ್ಲ. ಹಾಗಾಗಿ ಸಂತೆಯಲ್ಲಿ ಅವನಿಗೆ ಸ್ನೇಹಿತರೂ ಇಲ್ಲ. ಮಗಳಿಗೆ ಬಂದದ್ದು ಇದೇ ಗುಣ. ಜೊತೆಗೆ ಅಪ್ಪನಿಗಿಲ್ಲದ ಕೆಟ್ಟ ಬಾಯಿ.

ಸಂಗೀತ ಕೂರುತ್ತಿದ್ದದ್ದು ಬಸ್ ನಿಲ್ದಾಣದ ಹತ್ತಿರದ ಒಂದು ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ. ಒಂದು ಮೇಜು, ಬೆಸುಗೆ ಹಾಕುವ ಕಡ್ಡಿ, ಸತ್ತ ಕಂಪ್ಯೂಟರುಗಳ ಗುಡ್ಡೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಯಾರು ಕಂಪ್ಯೂಟರ್ ಕೊಂಡರೂ ಮೊದಲು ಅವಳಿಗೆ ತೋರಿಸುತ್ತಿದ್ದರು. ಬೈಸಿಕೊಂಡು ಹೋಗುತ್ತಿದ್ದರು. ಬೈದರೆ ಸಾಮಾನು ಕೆಟ್ಟದ್ದು, ಬೈಯದೆ ವಾಪಸ್ ಕೊಟ್ಟರೆ ಒಳ್ಳೆಯದು ಅಂತ ಲೆಕ್ಕ. ಮೂವತ್ತು ದಾಟಿದ ಹೆಂಗಸು, ಮದುವೆ ಯಾಕಾಗಲಿಲ್ಲ ಎಂದು ಕೇಳಿದವರ ಕಂಪ್ಯೂಟರು ರಿಪೇರಿಯಾಗದೆ ವಾರಗಟ್ಟಲೆ ಆ ಗುಡ್ಡೆಯಲ್ಲೇ ಬಿದ್ದಿರುತ್ತಿತ್ತು.

ಇನ್ನು ಆಟದ ಮಾತು. ಅದರ ಇಂಗ್ಲಿಷ್ ಹೆಸರು 'ಕೋಲ್ಡ್ ಶಾಫ್ಟ್'. ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಗಣಿ ಆಟ ಅನ್ನುತ್ತಾರೆ. ಯಾವುದೋ ದೂರದ ಗ್ರಹ, ಅಲ್ಲೊಂದು ಗಣಿ. ಕೆಲಸದವರೆಲ್ಲ ಸತ್ತುಬಿದ್ದಿದ್ದಾರೆ. ಕಾವಲಿಗಿಟ್ಟ ಯಂತ್ರಗಳಿಗೆ ಹುಚ್ಚು ಹಿಡಿದಿದೆ. ಆಡುವವನು ಕಬ್ಬಿಣದ ಅಂಗಿ ತೊಟ್ಟು, ಬಂದೂಕು ಹಿಡಿದು, ಯಂತ್ರಗಳನ್ನು ಹೊಡೆಯುತ್ತ ಆಳಕ್ಕೆ ಇಳಿಯಬೇಕು. ಹದಿನೈದು ವರ್ಷದ ಹಿಂದೆ ಶಿಕಾರಿಪುರದಲ್ಲಿ ಯತೀಶ ಎಂಬವನು ಸೈಬರ್ ಸೆಂಟರ್ ಇಟ್ಟಿದ್ದ. ಕಾಲೇಜಿಗೆ ಚಕ್ಕರ್ ಹೊಡೆದವರೆಲ್ಲ ಅಲ್ಲಿ ಕುಂತು ಇದನ್ನೇ ಆಡಿದರು. ಹುಡುಗರ ನಡುವೆ ಒಬ್ಬಳೇ ಹುಡುಗಿ ಸಂಗೀತ. ಯತೀಶನ ಸಿ.ಡಿ.ಯಿಂದ ಪೆನ್ ಡ್ರೈವಿಗೆ, ಅಲ್ಲಿಂದ ಸೊರಬಕ್ಕೆ, ಉಳವಿಗೆ, ಎಲ್ಲೆಲ್ಲಿಗೋ ಆಟ ಹಬ್ಬಿತು. ಆಡಿದವರು ಈಗ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾರೆ, ಲಗೇಜ್ ಗಾಡಿ ಓಡಿಸುತ್ತಾರೆ, ಮೇಷ್ಟರಾಗಿದ್ದಾರೆ. ಭಾನುವಾರ ಮಧ್ಯಾಹ್ನ ಬಾಡೂಟ ಮುಗಿಸಿ ಇವತ್ತಿಗೂ ಕೂರುವುದು ಅದೇ ಆಟಕ್ಕೆ. ಅವರು ಕಂಪ್ಯೂಟರ್ ಕೊಳ್ಳಲು ಹೋದರೆ ಕೇಳುವುದು ಒಂದೇ ಮಾತು. ಗಣಿ ಆಟ ಓಡುತ್ತಾ?

ಈ ಮಾತನ್ನು ಸರಿಯಾಗಿ ಕಿವಿಗೆ ಹಾಕಿಕೊಂಡವನು ಸೊರಬದ ವ್ಯಾಪಾರಿ ಹರ್ಷವರ್ಧನ. ಅವನು ಸಂಗೀತ ಕೂರುತ್ತಿದ್ದ ಕಟ್ಟಡವನ್ನೇ ಇಡಿಯಾಗಿ ಹಿಡಿದು, ದೊಡ್ಡ ಕಂಪ್ಯೂಟರ್ ಅಂಗಡಿ ತೆರೆಯಲು ನಿಂತ. ಮೆಟ್ಟಿಲ ಕೆಳಗಿನ ಮೂಲೆ ಈಗ ಅವನ ವಶ. ಅವಳನ್ನು ಎಬ್ಬಿಸಲಿಲ್ಲ. ಬುದ್ಧಿವಂತ. ಅಕ್ಕಾ ನೀವು ಇಲ್ಲೇ ಇರಿ, ನಾನು ತರಿಸುತ್ತಿರುವ ಹೊಸ ಕಾರ್ಡಿನಲ್ಲಿ ಗಣಿ ಆಟ ಓಡಿಸಿ ನೋಡಿ, ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಿ, ಅಷ್ಟೇ ಸಾಕು ಅಂದ.

ಅವಳು ನೋಡಿದಳು. ಸುಮ್ಮನೆ ನೋಡಲಿಲ್ಲ. ಪರೀಕ್ಷೆ ಹೇಗೆ ಅಂತ ನಾನೊಮ್ಮೆ ಕೇಳಿದ್ದಕ್ಕೆ, ಮಂದೆಯ ನಡಿಗೆಯನ್ನು ಮುಂದಿನ ಟಗರಿನಿಂದ ಅಳೆಯುತ್ತಾರಾ, ಹಿಂದೆ ಕುಂಟುವ ಕುರಿಯಿಂದ ಅಳೆಯುತ್ತಾರಾ ಎಂದು ನನ್ನನ್ನೇ ಕೇಳಿದಳು. ಕಾರ್ಡು ಒಂದು ಸೆಕೆಂಡಿನಲ್ಲಿ ಎಷ್ಟು ಚಿತ್ರ ಎಳೆಯುತ್ತದೆ ಅನ್ನುವುದೇ ಅದರ ಓಟ. ಕಂಪನಿಯವರು ಸರಾಸರಿ ಹೇಳುತ್ತಾರಂತೆ. ಇವಳು ಅತಿ ಕೆಟ್ಟ ಗಳಿಗೆ ಹುಡುಕುತ್ತಾಳೆ. ಯಂತ್ರಗಳು ಗುಂಪಾಗಿ ಮೈಮೇಲೆ ಬರುವಲ್ಲಿ, ಬೆಂಕಿ ಏಳುವಲ್ಲಿ, ಇಡೀ ಗಣಿ ಒಟ್ಟಿಗೆ ಕಾಣುವಲ್ಲಿ ನಿಂತು ಅಳೆಯುತ್ತಾಳೆ. ಹೊಸ ಕಾರ್ಡು ಎಲ್ಲೂ ಕುಂಟಲಿಲ್ಲ. ಸೆಕೆಂಡಿಗೆ ಇನ್ನೂರು ಚಿತ್ರಕ್ಕೆ ಕಡಿಮೆ ಇಳಿಯಲೇ ಇಲ್ಲ. ಅವಳು ಬೈಯದೆ ವಾಪಸ್ ಕೊಟ್ಟಳು. ಫೋಟೋ ತೆಗೆದರು. ಫ್ಲೆಕ್ಸ್ ಎದ್ದಿತು. ಅಂಗಡಿ ತೆರೆಯುವ ಮೊದಲೇ ಜನ ಹೆಸರು ಬರೆಸಿದರು. ಅವಳ ಮುಖ ನೋಡಿ ಬರೆಸಿದರು, ಇದನ್ನು ನೆನಪಿಡಬೇಕು.

ಅಂಗಡಿ ತೆರೆಯುವ ತನಕ ಕಾಯದೆ ಮೊದಲ ಕಾರ್ಡು ಮನೆಗೊಯ್ದವನು ಉಳವಿಯ ನವೀನ್. ಭತ್ತದ ಗದ್ದೆ, ಜೊತೆಗೆ ಟ್ರ್ಯಾಕ್ಟರ್ ಬಾಡಿಗೆ. ಆಸಾಮಿ ಸ್ವಲ್ಪ ಶೋಕಿ. ಹೊಸ ಕಾರ್ಡಿಗೆ ಕಳ್ಳ ಕಾಪಿ ಯಾಕೆ ಎಂದು ಗಣಿ ಆಟವನ್ನು ಇಂಟರ್ನೆಟ್ಟಿನಲ್ಲಿ ದುಡ್ಡು ಕೊಟ್ಟೇ ಇಳಿಸಿಕೊಂಡ. ಎರಡು ತಾಲ್ಲೂಕಿನಲ್ಲಿ ಅಲ್ಲಿಯವರೆಗೆ ಈ ಕೆಲಸ ಯಾರೂ ಮಾಡಿರಲಿಲ್ಲ. ಮಾರನೆಯ ದಿನ ಸಂಗೀತಳಿಗೆ ಫೋನು. ನಾನು ಆಗ ಅವಳ ಮೇಜಿನ ಮುಂದೆಯೇ ಕುಂತಿದ್ದೆ, ನನ್ನ ಮೊಬೈಲಿನ ಹೊಟ್ಟೆ ಬಿಚ್ಚಿಕೊಂಡು. ಅವಳು ಫೋನನ್ನು ಮೇಜಿನ ಮೇಲಿಟ್ಟು ಮಾತಾಡುತ್ತಿದ್ದಳು.

"ಅಕ್ಕ, ನೀ ಒಪ್ಪಿದ ಕಾರ್ಡು ಎಂತ ಮಾರಾಯ್ತಿ ಇದು? ಗಾಜಿಗೆ ಗುಂಡು ಹೊಡೆದ್ರೆ ಆಟ ನಿಂತೇ ಹೋಗ್ತದೆ. ಚೂರೆಲ್ಲ ಕೆಳಗೆ ಬಿದ್ದ ಮೇಲೆ ಮತ್ತೆ ಓಡ್ತದೆ."

"ಯಾವ ಚೂರು?"

"ಗಾಜಿನ ಚೂರು."

"ಗಣಿ ಆಟದಾಗ ಗಾಜಿನ ಚೂರು ಎಲ್ಲೈತೋ? ಹೊಡೆದ್ರೆ ಗಾಜು ಮಾಯ ಆಗ್ತೈತೆ. ಏನು, ಬೆಳಿಗ್ಗೇನೇ ಹಾಕ್ಕೊಂಡು ಕುಂತೀಯಾ?"

"ನಮ್ಮನೇಲಿ ಬೀಳ್ತದೆ. ಬಾ, ನೋಡು."

ಅವಳು ಫೋನಿಟ್ಟಳು. ಆಮೇಲೆ ಮೇಜಿಗೆ ಗೋಣಿ ಹೊದಿಸಿ ಎದ್ದಳು. ನನ್ನ ಮೊಬೈಲಿನ ಹೊಟ್ಟೆ ತೆರೆದೇ ಉಳಿಯಿತು. ಅವಳು ಸೊರಬದ ಬಸ್ಸು ಹಿಡಿದು, ಅಲ್ಲಿ ಇಳಿದು ಉಳವಿಯ ಬಸ್ಸು ಹಿಡಿದು ಹೋಗಿ ನೋಡಿದಳು. ನವೀನ್ ಸುಳ್ಳು ಹೇಳಿರಲಿಲ್ಲ. ಗುಂಡು ಗಾಜಿಗೆ ಬಿದ್ದ ಕೂಡಲೇ ಗಾಜು ಸಾವಿರ ಚೂರಾಗಿ ಹಾರುತ್ತಿತ್ತು. ಹಾರುವುದನ್ನು ತೋರಿಸಲಾಗದೆ ಕಾರ್ಡು ಏದುಸಿರು ಬಿಡುತ್ತಿತ್ತು. ಇನ್ನೂರು ಚಿತ್ರ ಎಳೆಯುತ್ತಿದ್ದ ಕಾರ್ಡು ಹತ್ತಕ್ಕೋ ಹನ್ನೆರಡಕ್ಕೋ ಇಳಿದು, ಆಲ್ಬಮ್ ತಿರುವಿ ಹಾಕಿದ ಹಾಗೆ ಒಂದೊಂದೇ ಚಿತ್ರ ತೋರಿಸುತ್ತಿತ್ತು.

ನವೀನನ ಆಟವನ್ನು ಡ್ರೈವಿನಲ್ಲಿ ತುಂಬಿಕೊಂಡು ಬಂದು ತನ್ನ ಮೇಜಿನ ಹಳೇ ಯಂತ್ರದಲ್ಲಿ ಹಾಕಿದಳು. ಅದರಲ್ಲಿದ್ದದ್ದು ಎಷ್ಟೋ ವರ್ಷದ ಹಳೇ ಕಾರ್ಡು, ಫ್ಯಾನು ಕಿರುಗುಟ್ಟುವಂಥದ್ದು. ಅದರಲ್ಲಿ ಗಾಜು ಒಡೆದು ಹಾರಿತು, ಬಿತ್ತು, ಆಟ ತಡವರಿಸಲಿಲ್ಲ.

ಕಾರಣವನ್ನು ಅವಳು ನನಗೆ ಬಿಡಿಸಿ ಹೇಳಿದಳು. ಆ ಕಾಲದ ಕೆಲವು ಆಟಗಳಲ್ಲಿ ಚೂರು, ಧೂಳು, ಬಟ್ಟೆ, ಕಾಗದ ಇವು ಗಾಳಿಯಲ್ಲಿ ಹೇಗೆ ಆಡಬೇಕು ಅನ್ನುವ ಲೆಕ್ಕವನ್ನು ಕಾರ್ಡೇ ಮಾಡುತ್ತಿತ್ತು. ಹೊಸ ಕಾರ್ಡು ಮಾಡುವ ಕಂಪನಿಯವರು ಆ ಹಳೇ ಲೆಕ್ಕ ಇನ್ನು ಯಾರಿಗೆ ಬೇಕು ಎಂದು ತೆಗೆದುಹಾಕಿದ್ದಾರೆ. ಲೆಕ್ಕವೆಲ್ಲ ಕಂಪ್ಯೂಟರಿನ ಬೇರೆ ಭಾಗದ ತಲೆಗೆ ಬಿದ್ದು, ಅದಕ್ಕೆ ಮಾಡಲಾಗದೆ ಆಟ ಉಸಿರುಗಟ್ಟುತ್ತದೆ. ಮುಂದೆ ಯಾವತ್ತಾದರೂ ಕಂಪನಿಯವರು ಮನಸ್ಸು ಮಾಡಿದರೆ ಸರಿಯಾದೀತು, ಇವತ್ತಿಗಂತೂ ಇಲ್ಲ. ಹೊಸ ಆಟಕ್ಕೆ ಈ ಕಾರ್ಡಿನಂಥ ಕಾರ್ಡಿಲ್ಲ. ಆದರೆ ಇಲ್ಲಿನವರು ಕೊಳ್ಳುತ್ತಿರುವುದು ಹೊಸ ಆಟಕ್ಕಲ್ಲ.

ಹಾಗಾದರೆ ಹದಿನೈದು ವರ್ಷ ಈ ಚೂರು ಎಲ್ಲಿತ್ತು? ಅದನ್ನು ಕೇಳಲು ಅವಳು ಯತೀಶನ ಹತ್ತಿರ ಹೋದಳು. ಅವನೀಗ ಅಂಜನಾಪುರದ ಕಡೆ ಕೋಳಿ ಅಂಗಡಿ ಇಟ್ಟಿದ್ದಾನೆ. ಕೋಳಿ ಕತ್ತರಿಸುತ್ತಲೇ ಉತ್ತರ ಹೇಳಿದನಂತೆ. ಆಗಿನ ಅವನ ಕಂಪ್ಯೂಟರುಗಳು ಬಡಕಲು. ಚೂರು, ಧೂಳು ಎಲ್ಲ ತೋರಿಸುವ ತಾಕತ್ತು ಇರಲಿಲ್ಲ. ಅದಕ್ಕೇ ಆಟದ ಹೊಟ್ಟೆಯೊಳಗಿನ ಒಂದು ಫೈಲಿನಲ್ಲಿ ಅದನ್ನೆಲ್ಲ ಆಫ್ ಮಾಡಿ, ಹುಡುಗರು ಕೆದಕಿ ಮತ್ತೆ ಆನ್ ಮಾಡದಂತೆ ಬೀಗವನ್ನೂ ಹಾಕಿದ್ದ. ಆ ಬೀಗ ಹಾಕಿದ ಕಾಪಿಯೇ ಊರೂರು ಸುತ್ತಿದ್ದು. ಎರಡು ತಾಲ್ಲೂಕಿನ ಜನ ಕೈಕಾಲು ಕತ್ತರಿಸಿದ ಆಟವನ್ನು ಇಡೀ ಆಟ ಅಂತ ತಿಳಿದು ಆಡಿದ್ದಾರೆ. ಸಂಗೀತ ಪರೀಕ್ಷೆ ಮಾಡಿದ್ದೂ ಅದನ್ನೇ.

"ಅವತ್ತೇ ಒಂದು ಮಾತು ಹೇಳಬೇಕಿತ್ತಲ್ಲೋ?" ಎಂದು ಇವಳು ಕೇಳಿದ್ದಕ್ಕೆ ಯತೀಶ ಹೇಳಿದ್ದು ಇಷ್ಟು: "ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

ನಾನು ಎಷ್ಟೋ ಕಚೇರಿಯ ಮೆಟ್ಟಿಲು ಹತ್ತಿದ್ದೇನೆ, ಈ ಮಾತು ಎಷ್ಟೋ ಬಾಯಲ್ಲಿ ಕೇಳಿದ್ದೇನೆ. ಕೇಳಿದಾಗಲೆಲ್ಲ ಅಂಗೈ ತುರಿಸುತ್ತದೆ. ಇರುವುದೇ ಗೊತ್ತಿಲ್ಲದವನು ಏನಂತ ಕೇಳಬೇಕು?

ಮೆಟ್ಟಿಲ ಕೆಳಗೆ ಕುಳಿತು ಸಂಗೀತ ಇಡೀ ಆಟವನ್ನು ಮೊದಲಿನಿಂದ ಆಡಿದಳು. ಗಣಿಯಲ್ಲಿ ಕೆಲಸದವರ ಊಟದ ಹಾಲ್ ಒಂದಿದೆ. ಆಟ ಆಡಿದ ಯಾರನ್ನು ಕೇಳಿದರೂ ಹೇಳುತ್ತಾರೆ, ಅಲ್ಲಿ ಯಂತ್ರಗಳು ಜಾಸ್ತಿ, ಮೂಲೆಯ ಕಂಬದ ಹಿಂದೆ ನಿಂತು ಹೊಡೆಯಬೇಕು ಅಂತ. ಯತೀಶನ ಕಾಪಿಯ ಆ ಹಾಲಿನಲ್ಲಿ ಹೆಣಗಳು ಸಾಲಾಗಿ ಬಿದ್ದಿರುತ್ತವೆ, ಖಾಲಿ ಗೋಡೆ, ಖಾಲಿ ನೆಲ. ನವೀನನ ಕಾಪಿಯಲ್ಲಿ ಅದೇ ಹಾಲಿಗೆ ಹೊಕ್ಕಾಗ ಅವಳು ಕೈ ನಿಲ್ಲಿಸಿ ನನ್ನನ್ನು ಕರೆದಳು. ನಾನು ಆಟ ನೋಡುವವನಲ್ಲ. ಆವತ್ತು ನೋಡಿದೆ. ಗೋಡೆಯ ತುಂಬ ಬಟ್ಟೆಯ ಬ್ಯಾನರುಗಳು ಗಾಳಿಗೆ ಅಲ್ಲಾಡುತ್ತಿದ್ದವು, ಕೈಬರಹದವು. ನೆಲದ ತುಂಬ ಕರಪತ್ರ. ಗುಂಡು ಹೊಡೆದರೆ ಕರಪತ್ರ ಏಳುತ್ತದೆ, ಬ್ಯಾನರು ತೂತಾಗುತ್ತದೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ಅವಳು ಓದಿ ಹೇಳಿದಳು. ಗಾಳಿ ಶುದ್ಧ ಮಾಡುವ ಯಂತ್ರ ಕೆಟ್ಟಿದೆ, ಸರಿಮಾಡುವ ತನಕ ಕೆಳಗೆ ಇಳಿಯುವುದಿಲ್ಲ, ಕೆಲಸ ನಿಲ್ಲಿಸಿದ್ದೇವೆ.

ಮುಷ್ಕರ. ಅಲ್ಲಿ ಮುಷ್ಕರ ನಡೆದಿತ್ತು. ಯಂತ್ರಕ್ಕೆ ಹುಚ್ಚು ಹಿಡಿದಿರಲಿಲ್ಲ. ಅದನ್ನು ಗಣಿಯ ಮಾಲೀಕರೇ ಕೆಲಸದವರ ಮೇಲೆ ಬಿಟ್ಟಿದ್ದರು.

ಬಟ್ಟೆ ಮತ್ತು ಕಾಗದದ ಲೆಕ್ಕ ಆಫ್ ಆದ ಕಾಪಿಯಲ್ಲಿ ಬ್ಯಾನರೂ ಇಲ್ಲ, ಕರಪತ್ರವೂ ಇಲ್ಲ, ಹೆಣ ಮಾತ್ರ ಇದೆ. ಎರಡು ತಾಲ್ಲೂಕಿನ ಗಂಡಸರು ಹದಿನೈದು ವರ್ಷ ಆ ಹೆಣಗಳನ್ನು ದಾಟಿಕೊಂಡು ಓಡಾಡಿದರು. ಇವರು ಯಾಕೆ ಸತ್ತರು ಅಂತ ಒಬ್ಬನೂ ಕೇಳಲಿಲ್ಲ. ಇದು ಆಟ, ಕಟ್ಟುಕಥೆ, ನನಗೆ ಗೊತ್ತು. ಆದರೂ ನನ್ನ ಮೈ ಉರಿಯಿತು. ಬ್ಯಾನರು ಬರೆಯುವುದು ಎಷ್ಟು ಕಷ್ಟದ ಕೆಲಸ ಅನ್ನುವುದು ಬರೆದವರಿಗೆ ಗೊತ್ತು. ಅದನ್ನು ಕಿತ್ತು ಒಗೆಯುವುದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಕಿತ್ತದ್ದೂ ಗೊತ್ತಾಗದಂತೆ ಕೀಳುವುದನ್ನು ನೋಡಿದ್ದು ಅದೇ ಮೊದಲು.

ಸಂಗೀತಳ ಸಂಕಟ ಬೇರೆ. ಬ್ಯಾನರಿನ ವಿಚಾರಕ್ಕೆ ನೀವು ಅಳ್ರೀ, ನನ್ನ ಮುಖ ಅಲ್ಲಿ ನೇತಾಡ್ತೈತೆ ಎಂದು ನನಗೇ ಬೈದಳು. ಅವಳ ಮಾತು ನಂಬಿ ಹೆಸರು ಬರೆಸಿದವರು ಹೊಸ ಕಾರ್ಡು ಒಯ್ಯುತ್ತಾರೆ. ಅದರಲ್ಲಿ ಇಡೀ ಆಟ ಓಡುವುದಿಲ್ಲ. ಹಳೇ ಕಾರ್ಡನ್ನು ಹರ್ಷವರ್ಧನ ಬದಲಿಗೆ ತೆಗೆದುಕೊಂಡು ಗುಜರಿಗೆ ಹಾಕುತ್ತಾನೆ. ಇಡೀ ಆಟ ಓಡಿಸಬಲ್ಲದ್ದು ಗುಜರಿಗೆ, ಅರ್ಧ ಆಟ ಓಡಿಸುವುದು ಮನೆಗೆ, ನಡುವೆ ಅವಳ ನಗುವ ಮುಖ.

ಅವಳು ಹರ್ಷವರ್ಧನನ ಹತ್ತಿರ ಹೋಗಿ ಫ್ಲೆಕ್ಸ್ ಇಳಿಸು ಅಂದಳು. ಅವನು ಕೂಗಾಡಲಿಲ್ಲ. ಅವನು ಕೂಗಾಡುವ ಜಾತಿಯಲ್ಲ. ಚಹಾ ತರಿಸಿ, ನಿಧಾನವಾಗಿ, ತಿಳಿಯದವಳಿಗೆ ತಿಳಿಸುವ ಹಾಗೆ ಮಾತಾಡಿದ.

"ಅಕ್ಕಾ, ಆಟದ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ತೆಗೆದ್ರೆ ಆಟ ಸಲೀಸಾಗಿ ಓಡುತ್ತೆ. ಇಲ್ಲಿಯವ್ರಿಗೆ ಆ ಚೂರು, ಆ ಬಟ್ಟೆ ಇರೋದೇ ಗೊತ್ತಿಲ್ಲ. ಗೊತ್ತೇ ಇಲ್ಲದ್ದು ಹೋದ್ರೆ ನಷ್ಟ ಏನು ಹೇಳಿ?"

ಈ ಮಾತನ್ನು ಅವಳು ಬಂದು ನನಗೆ ಹೇಳಿದಳು. ನಲವತ್ತು ವರ್ಷ ಹೋರಾಟದಲ್ಲಿ ತಿರುಗಿ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಹೊಲಸು ಮಾತು ಇಲ್ಲ. ಬೈಗುಳವಲ್ಲ, ಸುಳ್ಳೂ ಅಲ್ಲ. ನಯವಾಗಿ ಆಡಿದ ನಿಜ. ಭೂಮಿ ಯಾರದೆಂದು ಗೊತ್ತಿಲ್ಲದವನಿಗೆ, ಕೂಲಿ ಎಷ್ಟೆಂದು ಗೊತ್ತಿಲ್ಲದವಳಿಗೆ ಇದನ್ನೇ ಹೇಳಿಕೊಂಡು ಬಂದಿದ್ದಾರೆ. ಬಾಯಿ ಮಾತ್ರ ಬೇರೆ ಬೇರೆ.

ಅವನು ಇನ್ನೊಂದು ಮಾತನ್ನೂ ಸೇರಿಸಿದ್ದ. ಅಂಗಡಿ ತೆರೆದ ಮೇಲೆ ಮೆಟ್ಟಿಲ ಕೆಳಗಿನ ಜಾಗ ಕೊಡುವುದೋ ಬಿಡುವುದೋ ಯೋಚನೆ ಮಾಡಬೇಕು ಅಂತ. ಅಂದರೆ ಬಾಯಿ ಮುಚ್ಚಿದರೆ ಮೇಜು ಉಳಿಯುತ್ತದೆ, ಬಿಟ್ಟರೆ ಹೋಗುತ್ತದೆ. ಆ ಮೇಜಿನಿಂದಲೇ ಬಂದಳಿಕೆಯ ಮನೆ ನಡೆಯುತ್ತಿತ್ತು, ಕುರಿಯಿಂದಲ್ಲ.

ಅಂಗಡಿ ತೆರೆಯುವ ದಿನ ಬಂತು. ಬಾಳೆಕಂಬ, ಸೇವಂತಿಗೆ ಸರ, ಸ್ಪೀಕರ್ ಪೆಟ್ಟಿಗೆಯೊಳಗಿನ ನಾಗಸ್ವರ. ಅಂಗಡಿಯ ಮುಂದೆ ಶಾಮಿಯಾನ, ಗೋಡೆಯಷ್ಟು ದೊಡ್ಡ ಟಿ.ವಿ., ಅದಕ್ಕೆ ಜೋಡಿಸಿದ ಹೊಸ ಕಾರ್ಡಿನ ಕಂಪ್ಯೂಟರ್. ಎರಡೂ ತಾಲ್ಲೂಕಿನ ಹಳೇ ಆಟಗಾರರು ಜಮಾಯಿಸಿದ್ದರು. ಮುಂದಿನ ಸಾಲಿನಲ್ಲಿ ಕಲ್ಲಪ್ಪ. ಲಗೇಜ್ ಗಾಡಿ ಓಡಿಸುವವನು, ಸೈಬರ್ ಸೆಂಟರಿನ ಕಾಲದಿಂದ ಗಣಿ ಆಟದಲ್ಲಿ ಅವನನ್ನು ಸೋಲಿಸಿದವರಿಲ್ಲ ಅಂತ ಹೆಸರು. ಮೊದಲ ಗುಂಡು ಸಂಗೀತಕ್ಕ ಹಾರಿಸಬೇಕು ಎಂದು ಕಾರ್ಯಕ್ರಮ. ಹರ್ಷವರ್ಧನನಿಗೆ ಅವಳು ಬರುವುದಿಲ್ಲ ಅನ್ನುವ ಅನುಮಾನ ಇತ್ತು. ಬಂದಳು. ಅವನ ಮುಖ ಅರಳಿತು.

ಅವಳು ಮೊದಲು ಯತೀಶನ ಕಾಪಿ ಹಾಕಿದಳು. ಎಣ್ಣೆ ಹಚ್ಚಿದ ಹಾಗೆ ಓಡಿತು. ಚಪ್ಪಾಳೆ. ಆಮೇಲೆ ಸೊಂಟದಿಂದ ಡ್ರೈವ್ ತೆಗೆದು ನವೀನನ ಕಾಪಿ ಹಾಕಿ, ನೇರ ಊಟದ ಹಾಲಿಗೆ ಹೋಗಿ, ಒಂದು ಗುಂಡು ಹಾರಿಸಿದಳು. ಗೋಡೆಯಷ್ಟು ದೊಡ್ಡ ಟಿ.ವಿ. ಕೆಸರಿನಲ್ಲಿ ಹೂತ ಗಾಡಿಯಾಯಿತು. ಅವಳು ಮೈಕು ತೆಗೆದುಕೊಂಡಳು.

"ನಾನು ಒಪ್ಪಿದ್ದು ಅರ್ಧ ಆಟಕ್ಕೆ. ಇಡೀ ಆಟ ಇದು. ಈ ಕಾರ್ಡಿನಾಗ ಇದು ಓಡಂಗಿಲ್ಲ. ನನ್ನ ಮುಖ ನೋಡಿ ಹೆಸರು ಬರೆಸಿದೋರು ವಾಪಸ್ ತಗೊಳ್ರಿ. ಇರೋ ಹಳೇ ಕಾರ್ಡು ಕೊಡಬ್ಯಾಡ್ರಿ."

ಜನ ಏಳುತ್ತಾರೆ ಅಂದುಕೊಂಡೆ. ಎದ್ದವನು ಕಲ್ಲಪ್ಪ.

"ಏ ಸಂಗೀತಕ್ಕ, ಆ ಕಸ ತೆಗಿಯೇ ಮೊದ್ಲು. ಕಸ ಬಂದು ಆಟ ಕೆಡ್ತೈತೆ. ಅದಿಲ್ದೇ ಇಷ್ಟು ವರ್ಷ ಆಡಿಲ್ವಾ ನಾವು?"

ಶಾಮಿಯಾನದ ತುಂಬ ನಗು. ಅವರ ಕಣ್ಣಿಗೆ ಕಂಡದ್ದು ತೊಡರುವ ಚಿತ್ರ, ಅದರ ಮೇಲೆ ಬೂದಿಯಂಥ ಏನೋ ಚೂರು. ಬ್ಯಾನರು ಬ್ಯಾನರಿನ ಹಾಗೆ ಕಾಣಲೇ ಇಲ್ಲ. ಮೆಟ್ಟಿಲ ಕೆಳಗಿರುವ ನನ್ನ ಹಳೇ ಯಂತ್ರ ತಂದು ಪಕ್ಕದಲ್ಲಿಟ್ಟು ತೋರಿಸುತ್ತೇನೆ, ಹಳೇ ಕಾರ್ಡಿನಲ್ಲಿ ಹೇಗಿದೆ ನೋಡಿ ಎಂದು ಅವಳು ಹೇಳುತ್ತಲೇ ಇದ್ದಳು. ಅಂಗಡಿಯ ಹುಡುಗರು ಪ್ಲಗ್ ಹಾಕಲು ಜಾಗವಿಲ್ಲ ಅಂದರು. ಮೈಕು ಸತ್ತಿತು. ಹರ್ಷವರ್ಧನ ಇನ್ನೊಂದು ಮೈಕಿನಲ್ಲಿ, ಅಕ್ಕ ತಮಾಷೆ ಮಾಡುತ್ತಾರೆ, ಒಂದು ಟಿಕ್ ಅಷ್ಟೇ ಎಂದು ನಗುತ್ತ ಯತೀಶನ ಕಾಪಿಯನ್ನೇ ಮತ್ತೆ ಹಾಕಿಸಿದ. ಮತ್ತೆ ಚಪ್ಪಾಳೆ. ಸಾಲು ನಿಂತಿತು. ಕಲ್ಲಪ್ಪ ಮೊದಲ ಸ್ಥಾನದಲ್ಲಿ ನಿಂತು, ತನ್ನ ಹಳೇ ಕಾರ್ಡನ್ನು ಕೊಟ್ಟು ಹೊಸದನ್ನು ಎತ್ತಿ ತೋರಿಸಿದ.

ಅವತ್ತು ನನಗೆ ಹರ್ಷವರ್ಧನನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಸಾಲಿನ ಮೇಲೆ ಬಂತು. ವ್ಯಾಪಾರಿ ವ್ಯಾಪಾರ ಮಾಡುತ್ತಾನೆ. ಕಳೆದುಕೊಂಡವನೇ ಕಳೆದುಹೋದದ್ದನ್ನು ಕಸ ಅಂದರೆ ಅವನ ಪರವಾಗಿ ಯಾರ ವಿರುದ್ಧ ಕೂಗುವುದು?

ಸಂಗೀತ ಹೊರಗೆ ಬಂದು, ಹೂವಿನವರು ಬಿಟ್ಟುಹೋದ ಏಣಿಯನ್ನು ಎಳೆದು ಫ್ಲೆಕ್ಸಿಗೆ ಒರಗಿಸಿದಳು. ನಾನು ಏಣಿ ಹಿಡಿದೆ. ಬ್ಲೇಡಿನಿಂದ ತನ್ನ ಮುಖದ ಸುತ್ತ ಕೊಯ್ದಳು, ಹೆಸರನ್ನೂ ಕೊಯ್ದಳು. ಕಾರ್ಡಿನ ಚಿತ್ರ ಹಾಗೇ ಬಿಟ್ಟಳು. ಅದು ನನ್ನದಲ್ಲ ಅಂದಳು. ಕೆಳಗೆ ನಿಂತವರು ಮೊಬೈಲಿನಲ್ಲಿ ಹಿಡಿದುಕೊಂಡರು.

ಮಾರನೆಯ ದಿನ ಹರ್ಷವರ್ಧನ ಹೇಳಿ ಕಳಿಸಿದ. ತಪ್ಪಾಯ್ತು ಎಂದು ಒಂದು ವಿಡಿಯೋ ಮಾಡಿ ಹಾಕಲಿ, ಮೇಜು ಅಲ್ಲೇ ಇರಲಿ. ಅವಳು ವಿಡಿಯೋ ಮಾಡಿ ಹಾಕಿದಳು. ತಪ್ಪಾಯ್ತು ಅಂತಲೇ ಹೇಳಿದ್ದಳು. ಕಾರ್ಡು ಕೊಂಡವರಿಗೆ. ಸರಿಯಾಗಿ ನೋಡದೆ ಒಪ್ಪಿದೆ, ನಾನು ಒಪ್ಪಿದ್ದು ಕುಂಟು ಕುರಿಯನ್ನು, ಕ್ಷಮಿಸಿ ಅಂತ. ಹರ್ಷವರ್ಧನನ ಹೆಸರೇ ಅದರಲ್ಲಿ ಇರಲಿಲ್ಲ. ಸಂಜೆಗೆ ಮೇಜು ರಸ್ತೆಯ ಮೇಲಿತ್ತು.

ನಾನು ನಮ್ಮ ಸಂಘಟನೆಯವರಿಗೆ ಫೋನು ಹಚ್ಚಿದೆ, ಅಂಗಡಿಯ ಮುಂದೆ ಕೂರೋಣ ಬನ್ನಿ ಅಂತ. ಆಟದ ಸಾಮಾನಿಗೆ ಧರಣಿಯಾ ಅಣ್ಣಾ ಎಂದು ನಕ್ಕರು. ನಕ್ಕವರು ನನ್ನ ಜೊತೆ ಜೈಲು ಕಂಡವರು. ಅವರಿಗೆ ಏನು ಬೈದೆ ಅನ್ನುವುದನ್ನು ಇಲ್ಲಿ ಅಚ್ಚು ಹಾಕಲಾಗದು. ಸಂಗೀತಳಿಗೆ ಹೇಳಿದರೆ ಅವಳೂ ಬೇಡ ಅಂದಳು. ನೀವು ಕುಂತರೆ ಜನ ನಿಮ್ಮ ಹೆಗಲ ಮೇಲಿನ ಹಸಿರು ಟವೆಲು ನೋಡುತ್ತಾರೆ, ಯಾರೂ ಕಾರ್ಡು ನೋಡುವುದಿಲ್ಲ ಅಂದಳು. ಆ ಮಾತು ಚುಚ್ಚಿತು. ಸರಿಯಾಗಿತ್ತು, ಅದಕ್ಕೇ ಚುಚ್ಚಿತು.

ಹೆಸರು ಬರೆಸಿದವರಲ್ಲಿ ಕಾರ್ಡು ವಾಪಸ್ ಕೊಟ್ಟವನು ನವೀನ್ ಒಬ್ಬನೇ. ಉಳಿದವರು ಆಡುತ್ತಿದ್ದಾರೆ. ಖುಷಿಯಾಗಿದ್ದಾರೆ. ಅವಳ ಮಾತಿಗೆ ಇದ್ದ ಬೆಲೆ ಏನಾಯಿತು ಅನ್ನುವುದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಮೊದಲಿನ ಹಾಗೆ ಬೈಯುವುದನ್ನು ಬಿಟ್ಟಿದ್ದಳು. ಅದು ನನಗೆ ಹೆದರಿಕೆ ಹುಟ್ಟಿಸಿತು.

ಈಗ ಅವಳ ಮೇಜು ಸೊರಬದಲ್ಲಿದೆ. ಹಾಲಮ್ಮ ಎಂಬ ಟೈಲರ್ ಹೆಂಗಸು ತನ್ನ ಅಂಗಡಿಯಲ್ಲಿ ಅರ್ಧ ಜಾಗ ಕೊಟ್ಟಿದ್ದಾಳೆ. ಒಂದು ಕಡೆ ರವಿಕೆ, ಒಂದು ಕಡೆ ಮದರ್‌ಬೋರ್ಡು. ಬರುವವರು ಕಡಿಮೆ. ಹೋದ ತಿಂಗಳು ನಾನು ಹೋಗಿ ಕುಳಿತಿದ್ದಾಗ ಲಗೇಜ್ ಗಾಡಿ ಬಾಗಿಲಲ್ಲಿ ನಿಂತು, ಕಲ್ಲಪ್ಪ ಇಳಿದು ಬಂದ. ಮೊಬೈಲ್ ಚಾರ್ಜರ್ ಕೆಟ್ಟಿತ್ತು. ಸೊರಬದಲ್ಲಿ ಬೇರೆ ಯಾರೂ ರಿಪೇರಿ ಮಾಡುವುದಿಲ್ಲ, ಅದಕ್ಕೆ ಬಂದದ್ದು ಎಂದು ಮೊದಲೇ ಹೇಳಿಬಿಟ್ಟ. ಇನ್ನೂ ಮುನಿಸೇನಕ್ಕಾ ಎಂದು ನಕ್ಕ. ಸಂಗೀತ ಚಾರ್ಜರ್ ಇಸಿದುಕೊಂಡು, ರಿಪೇರಿಗೆ ಹೊತ್ತಾಗುತ್ತೆ, ಅಲ್ಲಿ ಕುಂತು ಆಡುತ್ತಿರು ಎಂದು ತನ್ನ ಹಳೇ ಯಂತ್ರ ತೋರಿಸಿದಳು.

ಕಲ್ಲಪ್ಪ ಕುಂತ. ಇದೇನು ಡಬ್ಬ ಕ್ವಾಲಿಟಿ ಎಂದು ಗೊಣಗಿದ. ಹೊಸ ಕಾರ್ಡಿಗೆ ಹೋಲಿಸಿದರೆ ಚಿತ್ರ ಮಂಕು, ಓಟವೂ ನಿಧಾನ. ಗಾಜು ಒಡೆದು ಬಿದ್ದಾಗ ಓಹೋ ಅಂದ. ಅವನಿಗೆ ಗಣಿಯ ದಾರಿ ಕಣ್ಣುಮುಚ್ಚಿದರೂ ಗೊತ್ತು. ಊಟದ ಹಾಲಿಗೆ ನುಗ್ಗಿ, ಅಭ್ಯಾಸದಂತೆ ಮೂಲೆಯ ಕಂಬದ ಹಿಂದೆ ಸೇರಲು ಹೋದವನ ಮುಖಕ್ಕೆ ಬ್ಯಾನರು ಅಡ್ಡ ಬಂತು. ಹಿಂದೆ ಸರಿದ. ಸುತ್ತ ನೋಡಿದ. ಒಂದು ಗುಂಡು ಹೊಡೆದ. ಕರಪತ್ರಗಳು ಎದ್ದು, ಸುಳಿ ತಿರುಗಿ, ಹೆಣಗಳ ಮೇಲೆ ಒಂದೊಂದಾಗಿ ಇಳಿದವು. ಯಂತ್ರಗಳು ಬಂದು ಅವನನ್ನು ಹೊಡೆಯತೊಡಗಿದವು. ಅವನು ತಿರುಗಿ ಹೊಡೆಯಲೇ ಇಲ್ಲ. ಕಲ್ಲಪ್ಪ ಆ ಹಾಲಿನಲ್ಲಿ ಸತ್ತದ್ದು ಬಹುಶಃ ಅದೇ ಮೊದಲು.

"ಏನಿದು ಬಟ್ಟೆ?"

"ಬ್ಯಾನರು."

"ಏನಂತ ಬರ್ದಾರೆ?"

ಸಂಗೀತ ಚಾರ್ಜರಿನಿಂದ ತಲೆ ಎತ್ತದೆಯೇ ಓದಿ ಹೇಳಿದಳು. ಒಂದೊಂದು ಬ್ಯಾನರಿನದೂ ಅವಳಿಗೆ ಬಾಯಿಪಾಠ. ಕಲ್ಲಪ್ಪ ಆಟವನ್ನು ಮತ್ತೆ ಅದೇ ಹಾಲಿನ ಬಾಗಿಲಿಗೆ ತಂದು, ಬಂದೂಕು ಎತ್ತದೆ ಒಳಗೆ ನಡೆದು, ಪ್ರತಿ ಗೋಡೆಯ ಮುಂದೆ ನಿಂತು ನೋಡಿದ. ಹಾಲಮ್ಮನ ಹೊಲಿಗೆ ಯಂತ್ರವೂ ನಿಂತಿತ್ತು.

"ಹಂಗಾರೆ ಇವ್ರು ಸುಮ್ನೆ ಸತ್ತೋರಲ್ಲ."

"ಅಲ್ಲ."

"ನನ್ನ ಹಳೇ ಕಾರ್ಡಿನಾಗೆ ಇದೆಲ್ಲ ಬರ್ತಿತ್ತಾ?"

"ಬರ್ತಿತ್ತು. ಯತೀಶನ ಬೀಗ ತೆಗೆದಿದ್ರೆ."

ಅವನು ಮೌಸನ್ನು ಮೇಜಿಗೆ ಕುಕ್ಕಿ ಎದ್ದ. ಹದಿನೈದು ವರ್ಷ ಇದೇ ಹಾಲಿನಲ್ಲಿ ಮೆರೆದೆನಲ್ಲ, ಎಂಥ ಬೋಳಿಮಗ ನಾನು ಎಂದು ತನ್ನನ್ನೇ ಬೈದುಕೊಂಡ. ಆಮೇಲೆ ಹರ್ಷವರ್ಧನನ ಸರದಿ. ಅವನ ತಾಯಿ, ತಂಗಿ ಯಾರನ್ನೂ ಬಿಡಲಿಲ್ಲ. ಸಂಗೀತ ನಡುವೆ ಬಾಯಿ ಹಾಕಿ, ಬೈಯುವುದಾದರೆ ಅವನನ್ನು ಬೈ, ಅವನ ಮನೆಯ ಹೆಂಗಸರು ನಿನಗೆ ಕಾರ್ಡು ಮಾರಿಲ್ಲ ಎಂದು ಗದರಿದಳು. ತಿಂಗಳುಗಳ ಮೇಲೆ ಅವಳ ಬಾಯಿಂದ ಆ ಹಳೇ ಗದರಿಕೆ ಕೇಳಿದೆ. ಕಲ್ಲಪ್ಪ ಗಾಡಿಯ ಬೀಗದ ಕೈ ಹುಡುಕುತ್ತಿದ್ದ. ಈಗಲೇ ಶಿಕಾರಿಪುರಕ್ಕೆ ಹೋಗುತ್ತೇನೆ, ಆ ಕಾರ್ಡನ್ನು ಅವನ ಟಿ.ವಿ.ಯ ಮೇಲೆ ಎಸೆಯುತ್ತೇನೆ, ನನ್ನ ಹಳೇದು ವಾಪಸ್ ಕೊಡುವ ತನಕ ಶೆಟರ್ ಎತ್ತಲು ಬಿಡುವುದಿಲ್ಲ ಅಂದ. ಬರುತ್ತೀರಾ ಎಂದು ನನ್ನ ಕಡೆ ನೋಡಿದ.

ನಾನು ಟವೆಲು ಕೊಡವಿ ಎದ್ದೆ. ಸಂಗೀತ ರಿಪೇರಿಯಾದ ಚಾರ್ಜರನ್ನು ಅವನ ಕೈಗೆ ತುರುಕಿದಳು.

"ಮೊದ್ಲು ಮನೆಗೆ ಹೋಗಿ ಕಾರ್ಡಿನ ಬಿಲ್ ತಗೊಂಡು ಹೋಗು. ಬೈಯೋದು ಆಮ್ಯಾಲೆ."